ಮಳೆಗೆ ಮುನ್ನ ಹೆಂಚಿನ ಮನೆ: ಮಾಡು ಕೈಯಾಡಿಸುವ ಕ್ರಮ

ಕರಾವಳಿಗೆ ಮುಂಗಾರು ವಾಡಿಕೆಯಂತೆ ಜೂನ್ ಮೊದಲ ವಾರದಲ್ಲಿ ಕಾಲಿಡುತ್ತದೆಯಾದರೂ, ಹೆಂಚಿನ ಮನೆಯವರ ಲೆಕ್ಕದಲ್ಲಿ ಮಳೆಗಾಲವು ಅದಕ್ಕಿಂತ ಮೂರು ವಾರ ಮೊದಲೇ, ಕೃತ್ತಿಕಾ ಮಳೆಯ ಗುಡುಗಿನೊಂದಿಗೆ ಆರಂಭವಾಗುತ್ತದೆ. ಆದ್ದರಿಂದ ಮಾಡಿನ (ಛಾವಣಿಯ) ಕೆಲಸವನ್ನು ಏಪ್ರಿಲ್ ಕೊನೆಯ ವಾರದಲ್ಲಿ ಹಿಡಿದು ಮೇ 10ರೊಳಗೆ ಮುಗಿಸುವುದು ಒಳ್ಳೆಯದು. ಮೊದಲ ಮಳೆ ಬಿದ್ದ ಮರುದಿನ ಊರಿನ ಎಲ್ಲರಿಗೂ ಒಂದೇ ಸಲಕ್ಕೆ ಹೆಂಚು ಕೈಯಾಡಿಸುವವರು, ಅಂದರೆ ಒಡೆದ, ಸರಿದ ಹೆಂಚುಗಳನ್ನು ಸರಿಪಡಿಸುವವರು, ಬೇಕಾಗುತ್ತಾರೆ. ಆಗ ಅವರು ಯಾರ ಕೈಗೂ ಸಿಗುವುದಿಲ್ಲ.

1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೊರಟು ನಾಡಿನುದ್ದಕ್ಕೂ ಹರಡಿದ ಈ ಹೆಂಚಿನ ದೊಡ್ಡ ಗುಣವೆಂದರೆ, ಅದಕ್ಕೆ ಮೊಳೆಯೂ ಬೇಡ, ಗಾರೆಯೂ ಬೇಡ. ಹಿಂಬದಿಯ ಗುಬುಟು (ಉಬ್ಬು) ರೀಪಿಗೆ (ಅಡ್ಡಲಾಗಿ ಹೊಡೆದ ಮರದ ಪಟ್ಟಿಗೆ) ತಗುಲಿಕೊಳ್ಳುತ್ತದೆ, ಅಂಚಿನ ಗಾಡಿ (ತೋಡು) ಪಕ್ಕದ ಹೆಂಚಿನೊಳಗೆ ಕೂರುತ್ತದೆ. ನಡುಮಾಡಿನಲ್ಲಿ ಒಂದು ಒಡೆದರೆ ಅದೊಂದನ್ನೇ ತೆಗೆದು ಬೇರೆಯದನ್ನು ಕೂರಿಸಬಹುದು. ಸೋರುವಲ್ಲಿ ಸಿಮೆಂಟ್ ಮೆತ್ತುವವರು ಈ ಅನುಕೂಲವನ್ನೇ ಕಳೆದುಕೊಳ್ಳುತ್ತಾರೆ: ನೀರು ಹರಿಯಬೇಕಾದ ಗಾಡಿ ಮುಚ್ಚಿಹೋಗುತ್ತದೆ, ಮುಂದೆ ಆ ಹೆಂಚನ್ನು ಎಬ್ಬಿಸಲು ಹೋದರೆ ಅಕ್ಕಪಕ್ಕದ ನಾಲ್ಕು ಒಡೆಯುತ್ತವೆ.

ಕೆಲಸವು ಮಾಡಿನ ಮೇಲಲ್ಲ, ಒಳಗೆ ಆರಂಭವಾಗಬೇಕು. ನಡುಹಗಲಿನಲ್ಲಿ ಬಾಗಿಲು ಕಿಟಕಿ ಮುಚ್ಚಿ, ಅಟ್ಟ ಹತ್ತಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸ್ವಲ್ಪ ಹೊತ್ತು ಕಾಯಬೇಕು. ಒಡೆದ ಅಥವಾ ಸರಿದ ಹೆಂಚಿನಿಂದ ಬೆಳಕು ಗೆರೆಯಾಗಿ ಒಳಬೀಳುತ್ತದೆ. ಬೆಳಕು ಕಂಡಲ್ಲೆಲ್ಲ ಸೋರುತ್ತದೆ ಎಂದೇನೂ ಇಲ್ಲ. ಸೋರಿದ್ದನ್ನು ಖಚಿತವಾಗಿ ಹೇಳುವುದು ರೀಪು ಮತ್ತು ಪಕ್ಕಾಸುಗಳ (ರೀಪನ್ನು ಹೊರುವ ಇಳಿಜಾರು ಮರಗಳ) ಮೇಲಿನ ಕಪ್ಪು ನೀರುಕಲೆ. ಇಲ್ಲಿ ಒಂದು ವಿಷಯವನ್ನು ನೆನಪಿಡಬೇಕು. ಒಳಹೊಕ್ಕ ನೀರು ಬಿದ್ದಲ್ಲಿಯೇ ತೊಟ್ಟಿಕ್ಕದೆ, ಪಕ್ಕಾಸಿನ ಮೈಗುಂಟ ಇಳಿದು ಎಷ್ಟೋ ಕೆಳಗೆ ತೊಟ್ಟಿಕ್ಕುತ್ತದೆ. ಹೀಗಾಗಿ ನೆಲದ ಮೇಲೆ ಪಾತ್ರೆ ಇಟ್ಟ ಜಾಗದ ನೇರ ಮೇಲಿನ ಹೆಂಚನ್ನು ಬದಲಿಸಿ ಸುಮ್ಮನಾದವರ ಮನೆ ಮತ್ತೆ ಸೋರುತ್ತದೆ. ಕಲೆಯ ಜಾಡು ಹಿಡಿದು ಇಳಿಜಾರಿನ ಮೇಲ್ಮುಖವಾಗಿ ಹುಡುಕಿ, ಮೂಲ ಸಿಕ್ಕಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಬೇಕು.

ಅಟ್ಟದಲ್ಲಿರುವಾಗಲೇ ಮರವನ್ನೂ ನೋಡಿಬಿಡಬೇಕು. ಕತ್ತಿಯ ಹಿಡಿಯಿಂದ ರೀಪುಗಳನ್ನು ಒಂದೊಂದಾಗಿ ತಟ್ಟಿದರೆ ಗಟ್ಟಿ ಮರದ ಸದ್ದಿಗೂ ಒಳಗೆ ಟೊಳ್ಳಾದದ್ದರ ಸದ್ದಿಗೂ ಇರುವ ಭೇದ ಹೊಸಬರಿಗೂ ತಿಳಿಯುತ್ತದೆ. ಗೋಡೆಯಿಂದ ಪಕ್ಕಾಸಿನತ್ತ ಮಣ್ಣಿನ ಸಣ್ಣ ಗೆರೆ ಏರಿದ್ದರೆ ಅದು ಗೆದ್ದಲಿನ ದಾರಿ. ಗೆರೆಯನ್ನು ಕೆರೆದರೆ ಸಾಲದು, ಅದು ನೆಲದಲ್ಲಿ ಎಲ್ಲಿಂದ ಹೊರಟಿದೆ ಎಂಬುದನ್ನು ಕಂಡುಹಿಡಿಯಬೇಕು. ಮರಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುವ ಹಳೆಯ ಪದ್ಧತಿ ಇಂದಿಗೂ ಉಪಯುಕ್ತವೇ, ಆದರೆ ಅದು ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುವುದರಿಂದ ಕೈಗವಸು ಕಡ್ಡಾಯ.

ಬದಲಿ ಹೆಂಚು ತರುವಾಗ ಹಳೆಯದೊಂದನ್ನು ಅಂಗಡಿಗೆ ಒಯ್ಯಬೇಕು. ನೋಟಕ್ಕೆ ಎಲ್ಲವೂ ಒಂದೇ ತರಹ ಕಂಡರೂ ಕಾರ್ಖಾನೆಯಿಂದ ಕಾರ್ಖಾನೆಗೆ ಅಳತೆ ಮತ್ತು ಗಾಡಿ ತುಸು ಬೇರೆಯಾಗಿರುತ್ತವೆ. ಕಾಲಿಂಚು ಹೆಚ್ಚುಕಡಿಮೆಯಾದರೂ ಹೆಂಚು ಕೂರುವುದಿಲ್ಲ. ಹಳೆಯ ಮನೆ ಕೆಡವುವ ಸುದ್ದಿ ಕೇಳಿದಾಗ ಒಂದಷ್ಟು ತಂದು ಹಿತ್ತಲಿನಲ್ಲಿ ಪೇರಿಸಿಟ್ಟವರೇ ಜಾಣರು.

ಮೇಲೆ ಹತ್ತುವುದು ಬೆಳಗಿನ ಇಬ್ಬನಿ ಆರಿದ ಮೇಲೆ, ಕೆಳಗೆ ಏಣಿ ಹಿಡಿಯಲು ಮತ್ತೊಬ್ಬರು ಇರುವಾಗ ಮಾತ್ರ. ಹೆಜ್ಜೆಯನ್ನು ಹೆಂಚಿನ ನಡುವೆ ಇಡದೆ, ಒಂದರ ಮೇಲೊಂದು ಕೂತು ಕೆಳಗೆ ರೀಪಿನ ಆಸರೆ ಇರುವ ತುದಿಯಲ್ಲಿ ಇಡಬೇಕು. ಅಭ್ಯಾಸವಿಲ್ಲದವರು ಅಡ್ಡಲಾಗಿ ಹಲಗೆ ಹಾಕಿಕೊಳ್ಳಲಿ. ವಯಸ್ಸಾದವರು ಹತ್ತುವುದೇ ಬೇಡ. ಗುರುತು ಹಾಕಿದ ಹೆಂಚಿನ ಮೇಲಿನ ಸಾಲನ್ನು ತುಸು ಎತ್ತಿ ಒಡೆದದ್ದನ್ನು ಕೆಳಕ್ಕೆ ಜಾರಿಸಿ ತೆಗೆಯಬೇಕು, ಹೊಸದನ್ನು ಹಾಗೆಯೇ ಮೇಲಕ್ಕೆ ತಳ್ಳಿ ಗುಬುಟು ರೀಪಿಗೆ ಸಿಕ್ಕುವವರೆಗೆ ಕೂರಿಸಬೇಕು. ಒಡೆಯದ ಹೆಂಚುಗಳೂ ಸೋರುತ್ತವೆ, ಏಕೆಂದರೆ ತರಗೆಲೆ ಮತ್ತು ಪಾಚಿ ಗಾಡಿಯಲ್ಲಿ ಕಟ್ಟಿಕೊಂಡರೆ ನೀರು ಪಕ್ಕಕ್ಕೆ ಉಕ್ಕುತ್ತದೆ. ಗಟ್ಟಿ ಹಿಡಿಸೂಡಿಯಿಂದ ಮೇಲಿನಿಂದ ಕೆಳಗೆ ಗುಡಿಸಿದರೆ ಅರ್ಧ ಸೋರಿಕೆ ಅಲ್ಲಿಯೇ ನಿಲ್ಲುತ್ತದೆ. ಮಾಡಿನ ಮೇಲೆ ಚಾಚಿದ ತೆಂಗಿನ ಒಣಮಟ್ಟೆಯನ್ನೂ ಕೊಂಬೆಯನ್ನೂ ಇದೇ ಸಮಯದಲ್ಲಿ ಇಳಿಸಬೇಕು. ಕೊಂಬೆ ಉಳಿದರೆ ಮಂಗಗಳಿಗೆ ಅದೇ ಸೇತುವೆ. ಗಾರೆ ಬೇಕಾಗುವುದು ನೆತ್ತಿಯುದ್ದಕ್ಕೂ ಕವುಚಿಟ್ಟ ಹೆಂಚುಗಳಿಗೆ ಮಾತ್ರ. ಅಲ್ಲಿ ಬಿರುಕು ಬಿಟ್ಟ ಹಳೆಯ ಗಾರೆಯನ್ನು ಪೂರ್ತಿ ಕೆತ್ತಿ ತೆಗೆದು, ನೀರು ಚಿಮುಕಿಸಿ, ಹೊಸದನ್ನು ತುಂಬಿ ಎರಡು ಮೂರು ದಿನ ತೇವವಾಗಿಡಬೇಕು.

ಮಾಡಿನ ನೀರನ್ನು ಹೊರಗೆ ಒಯ್ಯುವ ದಂಬೆಯ ಪರೀಕ್ಷೆ ಸುಲಭ. ಅಡಿಕೆ ಮರದ್ದಿರಲಿ, ಸೀಳಿದ ಪಿವಿಸಿ ಪೈಪಿನದಿರಲಿ, ಕಸ ತೆಗೆದು ಎತ್ತರದ ತುದಿಯಲ್ಲಿ ಒಂದು ಬಕೆಟ್ ನೀರು ಸುರಿದರೆ ಎಲ್ಲಿ ತಗ್ಗಾಗಿ ನಿಲ್ಲುತ್ತದೆ ಎಂಬುದು ಕಾಣುತ್ತದೆ. ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಸುಮಾರು ಒಂದು ವಾರದಿಂದ ಹತ್ತು ದಿನಗಳಲ್ಲಿ ಮೊಟ್ಟೆಯಿಂದ ಹಾರುವಷ್ಟಾಗುವುದರಿಂದ, ಮಳೆಗಾಲದುದ್ದಕ್ಕೂ ವಾರಕ್ಕೊಮ್ಮೆ ದಂಬೆ ನೋಡುವುದು ಅಗತ್ಯ. ವಿದ್ಯುತ್ ಫಲಕದಲ್ಲಿ, ವಿದ್ಯುತ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇದ್ದರೆ ಅದರ ಪರೀಕ್ಷಾ ಗುಂಡಿಯನ್ನು ಒತ್ತಿ ನೋಡಬೇಕು. ಕೂಡಲೇ ಬೀಳದಿದ್ದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಬೇಕು.

ಇಷ್ಟಾದ ಮೇಲೂ ಆರ್ದ್ರಾ, ಪುನರ್ವಸುವಿನ ಜಡಿಮಳೆಯಲ್ಲಿ ಗಾಳಿ ತಿರುಗಿ ಬೀಸಿದಾಗ ಎಲ್ಲೋ ಒಂದು ಕಡೆ ಹನಿ ಬಿದ್ದೇ ಬೀಳುತ್ತದೆ. ಆಗ ಮಾಡು ಹತ್ತುವ ಸಾಹಸ ಬೇಡ. ಪಾತ್ರೆ ಇಟ್ಟು, ಟಾರ್ಚ್ ಹಿಡಿದು ನೀರಿನ ಜಾಡನ್ನು ನೋಡಿ, ಹತ್ತಿರದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಎಷ್ಟನೆಯ ಪಕ್ಕಾಸು, ಕೆಳಗಿನಿಂದ ಎಷ್ಟನೆಯ ರೀಪು ಎಂದು ಬರೆದಿಟ್ಟರೆ, ಬರುವ ಏಪ್ರಿಲ್‌ನಲ್ಲಿ ಅಟ್ಟ ಹತ್ತಿದಾಗ ಹುಡುಕಾಟದ ಅರ್ಧ ದಿನ ಉಳಿಯುತ್ತದೆ.