ಕಾನೂನಿನ ಆರ್ಥಿಕ ವಿಶ್ಲೇಷಣೆ: ಸ್ಪರ್ಧೆಗೆ ಪ್ರಬಂಧ ಬರೆಯುವುದು ಹೇಗೆ?

ಕಾನೂನಿನ ನಿಯಮಗಳು ಜನರ ನಡವಳಿಕೆಯನ್ನು ಹೇಗೆ ಬದಲಿಸುತ್ತವೆ ಎಂಬುದನ್ನು ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡುವುದೇ ಕಾನೂನಿನ ಆರ್ಥಿಕ ವಿಶ್ಲೇಷಣೆ. ಈ ವಿಷಯದ ವಿದ್ಯಾರ್ಥಿ ಸ್ಪರ್ಧೆಗಳಿಗೆ ಬರುವ ಪ್ರಬಂಧಗಳು ಸಾಮಾನ್ಯವಾಗಿ ಎರಡು ಹೋಳಾಗಿಯೇ ಉಳಿಯುತ್ತವೆ. ಅರ್ಧ ಭಾಗ ಕಲಮುಗಳ ವಿವರಣೆ, ಇನ್ನರ್ಧ ಬೇಡಿಕೆ–ಪೂರೈಕೆಯ ಪಾಠ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇರುವುದಿಲ್ಲ.

ಮೊದಲು, ಒಂದೇ ಒಂದು ನಿಯಮವನ್ನು ಆರಿಸಿಕೊಂಡು, ಅದರಿಂದ ಯಾರ ನಡವಳಿಕೆ ಹೇಗೆ ಬದಲಾಗುತ್ತದೆ ಎಂಬ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ.

ಎರಡನೆಯದು ಓದು. ಸಿದ್ಧ ಟಿಪ್ಪಣಿಗಳನ್ನು ನಂಬಬೇಡಿ. ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ ಅವರ 1960ರ ಲೇಖನದ ಸಾರವನ್ನು ‘ಮಾರುಕಟ್ಟೆಯೇ ಎಲ್ಲವನ್ನೂ ಸರಿಪಡಿಸುತ್ತದೆ’ ಎಂದು ಅವು ಹೇಳಿ ಮುಗಿಸುವುದುಂಟು. ಚೌಕಾಸಿಗೂ ಒಪ್ಪಂದಕ್ಕೂ ವೆಚ್ಚ ತಗಲುವ ವಾಸ್ತವ ಜಗತ್ತಿನಲ್ಲಿ ಹಕ್ಕು ಯಾರದೆಂಬ ತೀರ್ಪು ಫಲಿತಾಂಶವನ್ನೇ ಬದಲಿಸಬಲ್ಲದು ಎಂಬ ಅವರ ವಾದದ ಮುಖ್ಯ ಭಾಗ ಅಲ್ಲಿ ಬಿಟ್ಟುಹೋಗಿರುತ್ತದೆ.

ಮೂರನೆಯ ಹಂತವಾದ ಲೆಕ್ಕದಲ್ಲಿಯೇ ಹೆಚ್ಚಿನವರು ಎಡವುವುದು. ಅಮೆರಿಕದಲ್ಲಿ ಕಾವಲುಗಾರನಿಲ್ಲದ ದೋಣಿಯೊಂದು ಕಟ್ಟು ಬಿಚ್ಚಿಕೊಂಡು ಮುಳುಗಿದ ಪ್ರಕರಣದಲ್ಲಿ, 1947ರಲ್ಲಿ ನ್ಯಾಯಮೂರ್ತಿ ಲರ್ನೆಡ್ ಹ್ಯಾಂಡ್ ಅವರು ಒಂದು ಸೂತ್ರ ಕೊಟ್ಟರು: ಮುನ್ನೆಚ್ಚರಿಕೆಯ ವೆಚ್ಚವು, ಅಪಘಾತದ ಸಂಭವನೀಯತೆಯನ್ನು ನಷ್ಟದ ಮೊತ್ತದಿಂದ ಗುಣಿಸಿದಾಗ ಬರುವುದಕ್ಕಿಂತ ಕಡಿಮೆಯಿದ್ದೂ ಅದನ್ನು ಕೈಗೊಳ್ಳದಿದ್ದರೆ ಅದು ನಿರ್ಲಕ್ಷ್ಯ. ಸೂತ್ರವನ್ನು ಉದ್ಧರಿಸಿ ಮುಂದೆ ಹೋಗುವುದು ಸಾಲದು. ಅದನ್ನು ಹೆಜ್ಜೆ ಹೆಜ್ಜೆಗೂ ಅನ್ವಯಿಸಬೇಕು. ಸಂಭವನೀಯ ನಷ್ಟ 50,000 ರೂಪಾಯಿ ಎಂದಿಟ್ಟುಕೊಳ್ಳಿ. 300 ವೆಚ್ಚದ ಮೊದಲ ಮುನ್ನೆಚ್ಚರಿಕೆ ಅಪಾಯವನ್ನು ಶೇ 2ರಿಂದ ಶೇ 1ಕ್ಕೆ ಇಳಿಸಿದರೆ 500 ಉಳಿಯುತ್ತದೆ; ಆದ್ದರಿಂದ ಅದು ಕಡ್ಡಾಯ. ಇನ್ನೂ 400 ಖರ್ಚು ಮಾಡಿ ಅಪಾಯವನ್ನು ಶೇ 0.5ಕ್ಕೆ ತಂದರೆ ಉಳಿಯುವುದು 250 ಮಾತ್ರ. ಅದನ್ನು ಬಿಟ್ಟವನು ನಿರ್ಲಕ್ಷ್ಯ ತೋರಿದವನಲ್ಲ. ಎರಡನ್ನೂ ಒಟ್ಟುಗೂಡಿಸಿ 700ರ ವೆಚ್ಚಕ್ಕೆ 750ರ ಉಳಿತಾಯವೆಂದು ತೋರಿಸುವವರು ಎರಡನೆಯದೂ ಅಗತ್ಯವೆಂಬ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಅಂಕಿಗಳು ಕಲ್ಪಿತವಾಗಿದ್ದರೆ ಹಾಗೆಂದು ಸ್ಪಷ್ಟವಾಗಿ ಹೇಳಿಬಿಡಿ. ಜೊತೆಗೆ, ಹಾನಿಗೊಳಗಾಗುವವನೂ ಎಚ್ಚರ ವಹಿಸಬಲ್ಲನೇ, ಪೂರ್ಣ ಪರಿಹಾರ ಖಚಿತವಾಗಿದ್ದರೆ ಅವನ ಎಚ್ಚರ ಸಡಿಲವಾಗುವುದೇ ಎಂಬುದನ್ನೂ ಪರಿಶೀಲಿಸಿ. ತೀರ್ಪುಗಾರರ ಕಣ್ಣು ಮೊದಲು ಹೋಗುವುದು ಅಲ್ಲಿಗೆ.

ನಾಲ್ಕನೆಯದಾಗಿ, ನಿಮ್ಮ ವಾದಕ್ಕೆ ಅಡ್ಡ ಬರುವ ಪುರಾವೆಯನ್ನು ನೀವೇ ಮುಂದಿಡಿ. ದಂಡ ಹೆಚ್ಚಿಸಿದರೆ ತಪ್ಪು ಕಡಿಮೆಯಾಗುತ್ತದೆ ಎನ್ನುವವರು, ಇಸ್ರೇಲಿನ ಶಿಶುಪಾಲನಾ ಕೇಂದ್ರಗಳ ಕುರಿತು 2000ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಉತ್ತರಿಸಲೇಬೇಕು. ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ ಸಣ್ಣ ದಂಡ ವಿಧಿಸಿದಾಗ ಅಲ್ಲಿ ತಡವಾಗಿ ಬರುವವರು ಹೆಚ್ಚಾದರು. ದಂಡವನ್ನು ರದ್ದುಪಡಿಸಿದ ಮೇಲೂ ಅವರ ಸಂಖ್ಯೆ ಇಳಿಯಲಿಲ್ಲ.

ಅಡಿಟಿಪ್ಪಣಿ, ಅಕ್ಷರದ ಗಾತ್ರ, ಹೆಸರು ನಮೂದಿಸಬೇಕೋ ಬೇಡವೋ ಎಂಬುದೆಲ್ಲ ಸ್ಪರ್ಧೆಯ ಪ್ರಕಟಣೆಯಲ್ಲಿರುವಂತೆಯೇ ಇರಲಿ. ಪದಮಿತಿ ಮೀರಿದರೆ ಪೀಠಿಕೆಯನ್ನು ಕತ್ತರಿಸಿ, ಲೆಕ್ಕದ ಭಾಗವನ್ನು ಮುಟ್ಟಬೇಡಿ.