ಫೈಲ್ ಸರ್ವರ್‌ಗೆ ವರ್ಚುವಲ್ ಫೈಲ್‌ಸಿಸ್ಟಂ ಪದರ ರೂಪಿಸುವುದು ಹೇಗೆ?

ನೆಟ್‌ವರ್ಕ್ ಫೈಲ್ ಸರ್ವರ್ ಬರೆಯಲು ಹೊರಟವರಲ್ಲಿ ಹೆಚ್ಚಿನವರು ಓದುವ, ಬರೆಯುವ ಫಂಕ್ಷನ್‌ಗಳನ್ನು ಮೊದಲು ಮುಗಿಸಿ, ಫೈಲನ್ನು ಗುರುತಿಸುವ ಬಗೆಯನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಹಾಗೆ ಬರೆದದ್ದನ್ನು ಮುಂದೆ ಬುಡದಿಂದ ಬಿಚ್ಚಬೇಕಾಗುತ್ತದೆ.

ಮೊದಲ ಹಂತ ಸುಲಭ. ಈ ಪದರ ಇರುವುದು ಕ್ಲೈಂಟ್‌ನೊಡನೆ ಮಾತನಾಡುವ ಪ್ರೋಟೋಕಾಲ್ ಕೋಡ್‌ಗೂ ಡಿಸ್ಕ್ ಕೋಡ್‌ಗೂ ನಡುವೆ. ಅಲ್ಲಿ ಹುಡುಕುವ, ಓದುವ, ಬರೆಯುವ, ಸೃಷ್ಟಿಸುವ, ಅಳಿಸುವ, ಹೆಸರು ಬದಲಿಸುವ ಕಾರ್ಯಗಳ ಒಂದು ಟೇಬಲ್ ನಿಗದಿಪಡಿಸಿ. ಸನ್ ಕಂಪನಿ 1980ರ ದಶಕದಲ್ಲಿ ರೂಪಿಸಿದ ವಿನೋಡ್ (ಯಾವ ಫೈಲ್‌ಸಿಸ್ಟಂನ ಫೈಲನ್ನಾದರೂ ಒಂದೇ ಬಗೆಯಲ್ಲಿ ತೋರಿಸುವ ವರ್ಚುವಲ್ ನೋಡ್) ವಿನ್ಯಾಸವೇ ಇದಕ್ಕೆ ಸಾಕು.

ಎರಡನೆಯದು ಫೈಲ್ ಹ್ಯಾಂಡಲ್, ಅಂದರೆ ಫೈಲನ್ನು ಗುರುತಿಸುವ ಬೈಟ್‌ಗಳ ಗುಚ್ಛ. ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ಎನ್‌ಎಫ್‌ಎಸ್ ಪ್ರೋಟೋಕಾಲ್‌ನಲ್ಲಿ ಕ್ಲೈಂಟ್ ತನ್ನ ಬಳಿ ಇಟ್ಟುಕೊಂಡು ಪ್ರತಿ ಕೋರಿಕೆಯಲ್ಲೂ ಹಿಂದಿರುಗಿಸುವ ಈ ಬೈಟ್‌ಗಳ ಅರ್ಥ ಸರ್ವರ್‌ಗಷ್ಟೇ ಗೊತ್ತಿರಬೇಕು. ಇದರ ಗಾತ್ರ ಎರಡನೇ ಆವೃತ್ತಿಯಲ್ಲಿ 32 ಬೈಟ್. ಮೂರನೆಯದರಲ್ಲಿ ಗರಿಷ್ಠ 64, ನಾಲ್ಕನೆಯದರಲ್ಲಿ ಗರಿಷ್ಠ 128. ಇದರೊಳಗೆ ಪಾತ್ (ಫೈಲಿನವರೆಗಿನ ಡೈರೆಕ್ಟರಿ ಹೆಸರುಗಳ ಸರಣಿ) ತುಂಬಬೇಡಿ. ಮೇಲಿನ ಡೈರೆಕ್ಟರಿಯ ಹೆಸರನ್ನು ಯಾರಾದರೂ ಬದಲಿಸಿದ ಕೂಡಲೇ ಅದು ಸುಳ್ಳಾಗುತ್ತದೆ. ಮೆಮೊರಿಯ ವಿಳಾಸವನ್ನಂತೂ ಹಾಕಲೇಬಾರದು. ಸರ್ವರ್ ಮರುಪ್ರಾರಂಭವಾದ ಮೇಲೆ ಅದಕ್ಕೆ ಅರ್ಥವಿಲ್ಲ. ಫೈಲ್‌ಸಿಸ್ಟಂ ಪ್ರತಿ ಫೈಲಿಗೂ ಕೊಡುವ ಐನೋಡ್ ಸಂಖ್ಯೆಯೊಂದನ್ನೇ ನೆಚ್ಚಿದರೆ, ಅಳಿಸಿದ ಫೈಲಿನ ಸಂಖ್ಯೆ ಹೊಸ ಫೈಲಿಗೆ ಸಿಕ್ಕಾಗ, ಹಳೆಯ ಹ್ಯಾಂಡಲ್ ಹಿಡಿದ ಕ್ಲೈಂಟ್ ಬೇರೆ ಯಾರದೋ ಫೈಲಿನ ಮೇಲೆ ಬರೆಯುತ್ತದೆ. ಆದ್ದರಿಂದ ಫೈಲ್‌ಸಿಸ್ಟಂನ ಯುಯುಐಡಿ (ಅದಕ್ಕಷ್ಟೇ ಇರುವ ಗುರುತಿನ ಸಂಖ್ಯೆ), ಐನೋಡ್ ಸಂಖ್ಯೆ, ಜನರೇಷನ್ ಸಂಖ್ಯೆ (ಐನೋಡ್ ಮರುಬಳಕೆಯಾದಾಗ ಬದಲಾಗುವಂಥದು) ಈ ಮೂರೂ ಇರಲಿ. ಜನರೇಷನ್ ಹೊಂದದಿದ್ದರೆ ಹ್ಯಾಂಡಲ್ ಹಳತಾಗಿದೆ ಎಂಬ ಸ್ಟೇಲ್ ದೋಷವನ್ನೇ ಕೊಡಿ, ಊಹಿಸಲು ಹೋಗಬೇಡಿ. ಯುಯುಐಡಿ ಬದಲು ಡಿವೈಸ್ ಸಂಖ್ಯೆ ಬಳಸುವುದು ಕೆಟ್ಟ ಅಡ್ಡದಾರಿ, ಏಕೆಂದರೆ ಯಂತ್ರ ಮತ್ತೆ ಬೂಟ್ ಆದಾಗ ಅದು ಬದಲಾಗಬಹುದು. ಮರುಪ್ರಾರಂಭವಾದಾಗಲೆಲ್ಲ ನೋಡ್ ಸಂಖ್ಯೆಗಳನ್ನು ಹೊಸದಾಗಿ ಹಂಚುವ ಫ್ಯೂಸ್ (ಫೈಲ್‌ಸಿಸ್ಟಂ ಅನ್ನು ಕರ್ನಲ್‌ನ ಹೊರಗೆ ಸಾಮಾನ್ಯ ಪ್ರೋಗ್ರಾಂ ಆಗಿ ಓಡಿಸುವ ವ್ಯವಸ್ಥೆ) ಆಧಾರಿತ ಫೈಲ್‌ಸಿಸ್ಟಂಗಳನ್ನು ಈ ಪದರದ ಕೆಳಗೆ ಕೂರಿಸದಿರುವುದೇ ಲೇಸು. ಹ್ಯಾಂಡಲ್ ಗುಟ್ಟಿನ ಕೀಲಿಯಲ್ಲವಾದ್ದರಿಂದ ಅನುಮತಿಯನ್ನು ಪ್ರತಿ ಕೋರಿಕೆಗೂ ಪರೀಕ್ಷಿಸಬೇಕು.

ಹೆಸರು ಹುಡುಕುವಾಗ ಒಂದು ಸಲಕ್ಕೆ ಪಾತ್‌ನ ಒಂದೇ ಭಾಗವನ್ನು ಬಿಡಿಸಿ, ಮೇಲಿನ ಡೈರೆಕ್ಟರಿಯನ್ನು ಸೂಚಿಸುವ ಎರಡು ಚುಕ್ಕಿಗಳ ಹೆಸರು ಎಕ್ಸ್‌ಪೋರ್ಟ್‌ನ (ಕ್ಲೈಂಟ್‌ಗಳಿಗೆ ಹಂಚಿದ ಡೈರೆಕ್ಟರಿಯ) ಬೇರಿನಿಂದ ಮೇಲೆ ಏರದಂತೆ ತಡೆಯಿರಿ. ಪಾತ್‌ನ ಆರಂಭದ ಅಕ್ಷರಗಳನ್ನು ಹೋಲಿಸಿ ಸುರಕ್ಷಿತವೆಂದು ನಂಬುವವರನ್ನು ಬೇರೆ ಪಾತ್‌ಗೆ ಕೈತೋರಿಸುವ ಸಿಂಬಾಲಿಕ್ ಲಿಂಕ್ ಸುಲಭವಾಗಿ ಮೋಸಗೊಳಿಸುತ್ತದೆ. ಲಿನಕ್ಸ್ 5.6ರಿಂದ ಲಭ್ಯವಿರುವ ಓಪನ್‌ಅಟ್2 ಕರೆಯಲ್ಲಿ, ಕೊಟ್ಟ ಡೈರೆಕ್ಟರಿಯಿಂದ ಆಚೆ ಹೋಗದಂತೆ ಕರ್ನಲ್ ತಾನೇ ಕಾಯುವ ಆಯ್ಕೆಯಿದೆ.

ಡೈರೆಕ್ಟರಿ ಪಟ್ಟಿಯನ್ನು ಕಂತುಗಳಲ್ಲಿ ಕಳುಹಿಸುವಾಗ ‘ನೂರನೆಯ ನಮೂದಿನಿಂದ ಮುಂದೆ’ ಎಂಬ ಲೆಕ್ಕ ನಡೆಯುವುದಿಲ್ಲ: ಆಗಲೇ ಕಳುಹಿಸಿದವುಗಳಲ್ಲಿ ಹತ್ತು ಫೈಲ್ ಅಳಿಸಿದರೆ ಮುಂದಿನ ಹತ್ತು ಹೆಸರು ಕಾಣದೆ ಹೋಗುತ್ತವೆ. ಮುಂದಿನ ಕಂತು ಎಲ್ಲಿಂದ ಎಂದು ಸೂಚಿಸುವ ಕುಕೀಯನ್ನು ನಮೂದಿಗೇ ಅಂಟಿದ, ಬದಲಾಗದ ಮೌಲ್ಯದಿಂದ ಕಟ್ಟಿ.

ಬರಹದ ಕಾರ್ಯದಲ್ಲಿ, ಡೇಟಾ ಡಿಸ್ಕ್‌ಗೆ ಇಳಿಯಿತೇ ಅಥವಾ ಮೆಮೊರಿಯಲ್ಲೇ ಇದೆಯೇ ಎಂಬುದನ್ನು ತಿಳಿಸುವ ಅಂಶ ಇರಲಿ. ಎನ್‌ಎಫ್‌ಎಸ್ ಮೂರನೇ ಆವೃತ್ತಿಯಲ್ಲಿ ಇದರೊಡನೆ 8 ಬೈಟ್‌ಗಳ ವೆರಿಫೈಯರ್ ಹೋಗುತ್ತದೆ. ಸರ್ವರ್ ಮರುಪ್ರಾರಂಭವಾದರೆ ಈ ಮೌಲ್ಯ ಬದಲಾಗುತ್ತದೆ. ಕಮಿಟ್ ಮಾಡುವಾಗ, ಅಂದರೆ ಡೇಟಾವನ್ನು ಡಿಸ್ಕ್‌ಗೆ ಇಳಿಸಲು ಕೇಳುವಾಗ, ಅದು ಬದಲಾಗಿರುವುದನ್ನು ಕಂಡ ಕ್ಲೈಂಟ್, ಕಳುಹಿಸಿದ್ದ ಡೇಟಾವನ್ನು ಮತ್ತೆ ಕಳುಹಿಸುತ್ತದೆ. ವೇಗ ಹೆಚ್ಚೆಂದು ತೋರಿಸಲು ಮೆಮೊರಿಯಲ್ಲಿರುವುದನ್ನೇ ‘ಡಿಸ್ಕ್‌ಗೆ ಇಳಿದಿದೆ’ ಎಂದು ಹೇಳುವ ಸರ್ವರ್‌ಗಳಿವೆ. ಅಂಥದರ ಮೇಲೆ ಡೇಟಾಬೇಸ್ ಇಡಬೇಡಿ.