ಚುಕೋಟ್ಕಾ ಕ್ಷೇತ್ರದ ಚುನಾವಣಾ ಇತಿಹಾಸ ಓದೋದು ಹೇಗೆ

ರಷ್ಯಾದ ಡೂಮಾ (ಸಂಸತ್ತಿನ ಕೆಳಮನೆ) ಕ್ಷೇತ್ರವೊಂದರ ಕಥೆ ತಿಳಿಯಬೇಕಾ? ಚುಕೋಟ್ಕಾದಿಂದ ಶುರು ಮಾಡಿ. ಅಲಾಸ್ಕಾದ ಎದುರಿಗಿರುವ ಈ ಹಿಮದ ನಾಡಲ್ಲಿ ಮತದಾರರು ತೀರಾ ಕಡಿಮೆ. ಆದರೂ ಪ್ರತಿ ಪ್ರಾಂತ್ಯಕ್ಕೂ ಕನಿಷ್ಠ ಒಂದು ಕ್ಷೇತ್ರ ಎಂಬ ನಿಯಮದಿಂದ ಒಂದು ಸೀಟು ಸಿಕ್ಕಿದೆ.

ಮೊದಲು ವರ್ಷಗಳನ್ನು ಬರೆದುಕೊಳ್ಳಿ: 1993, 1995, 1999, 2003, 2016, 2021. ನಡುವಿನ ಖಾಲಿ ಜಾಗ ನೋಡಿ ಗಾಬರಿ ಬೇಡ. 2007 ಮತ್ತು 2011ರಲ್ಲಿ 450 ಸೀಟೂ ಪಕ್ಷದ ಪಟ್ಟಿಯಿಂದಲೇ ತುಂಬಿದವು (ಜನ ಪಕ್ಷಕ್ಕೆ ಮತ ಹಾಕುತ್ತಾರೆ, ಮತದ ಪಾಲಿಗೆ ತಕ್ಕಂತೆ ಸೀಟು), ಕ್ಷೇತ್ರಗಳೇ ಇರಲಿಲ್ಲ. ಉಳಿದ ಸಲ ಅರ್ಧ, ಅಂದರೆ 225, ಕ್ಷೇತ್ರಗಳಿಗೆ. ಕ್ಷೇತ್ರಗಳು ನಡುವೆ ಇಲ್ಲವಾಗಿ ಮತ್ತೆ ಬಂದಿದ್ದರಿಂದ ಅವುಗಳ ಸಂಖ್ಯೆ ಬದಲಾಗಿರಬಹುದು. ಹಾಗಾಗಿ ಕ್ಷೇತ್ರವನ್ನು ಹೆಸರಿನಿಂದ ಹುಡುಕಿ, ಸಂಖ್ಯೆ ನಂಬಬೇಡಿ.

ಆಮೇಲೆ ಗೆದ್ದವರು. 1993 ಮತ್ತು 1995ರಲ್ಲಿ ತತ್ಯಾನಾ ನೆಸ್ತೆರೆಂಕೊ. ಮುಂದೆ ಹಣಕಾಸು ಸಚಿವಾಲಯದಲ್ಲಿ ದೊಡ್ಡ ಹುದ್ದೆಗೇರಿದರು. 1999ರಲ್ಲಿ ರೋಮನ್ ಅಬ್ರಮೊವಿಚ್. ಹೌದು, ಆಮೇಲೆ ಚೆಲ್ಸಿ ಫುಟ್‌ಬಾಲ್ ಕ್ಲಬ್ ಕೊಂಡವರೇ! 2000ದ ಡಿಸೆಂಬರ್‌ನಲ್ಲಿ ಅವರು ಗವರ್ನರ್ ಆದರು, ಸೀಟು ಖಾಲಿಯಾಯಿತು. ಉಪಚುನಾವಣೆಯಲ್ಲಿ ವ್ಲಾದಿಮಿರ್ ಯೆತಿಲಿನ್ ಗೆದ್ದರು. ಮುಖ್ಯ ಚುನಾವಣೆಗಳ ಪಟ್ಟಿ ಮಾತ್ರ ನೋಡಿದರೆ ಈ ಹೆಸರು ಸಿಗುವುದೇ ಇಲ್ಲ, ನನಗಂತೂ ಇದೇ ಜಾಸ್ತಿ ಇಷ್ಟದ ಭಾಗ.

ಹಳೆಯ ಫಲಿತಾಂಶಗಳಲ್ಲಿ ‘ಎಲ್ಲರಿಗೂ ವಿರುದ್ಧ’ ಎಂಬ ಸಾಲನ್ನೂ ಬಿಡಬೇಡಿ. ನಮ್ಮ ನೋಟಾ ಥರಾನೇ ಅಲ್ವಾ? 2006ರಲ್ಲಿ ಅದನ್ನು ತೆಗೆದುಹಾಕಿದರು.